ದೀಪ ಯಾರದು, ಮಣಿ ಯಾರದು?

(ಅಂಕೋಲೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗಾಜಿನ ಮಣಿ ಮಾಡಲು ಕಲಿಯುತ್ತಿರುವ ಹೆಂಗಸರ ಸಭೆಯಲ್ಲಿ ನಮ್ಮ ಪಕ್ಷದ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳು. ಕಾರವಾರ, ಅಂಕೋಲೆಗಳ ಇತರ ಊರುಗಳಿಗೂ ಉಪಯೋಗವಾದೀತೆಂದು ಇಲ್ಲಿ ಪೂರ್ಣವಾಗಿ ಕೊಟ್ಟಿದ್ದೇವೆ.)



ನಾನು ಭಾಷಣ ಮಾಡಲೆಂದು ಬಂದವಳಲ್ಲ. ನೀವು ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟಿದ್ದೀರಿ. ಅದಕ್ಕೆ ನನಗೆ ತಿಳಿದಷ್ಟು ಉತ್ತರ ಹೇಳಲು ಬಂದಿದ್ದೇನೆ. ಪ್ರಶ್ನೆ ಇಷ್ಟು: ಹೊರ ಊರಿನ ವ್ಯಾಪಾರಿಯೊಬ್ಬರು ನಿಮ್ಮಲ್ಲಿಗೆ ಬಂದು ಹೋಗಿದ್ದಾರೆ. ದೀಪ, ಗ್ಯಾಸು, ಗಾಜಿನ ಕಡ್ಡಿ ಎಲ್ಲವನ್ನೂ ತಾವೇ ಒದಗಿಸುತ್ತಾರಂತೆ. ನೀವು ಮಾಡಿದ ಮಣಿಗಳನ್ನೆಲ್ಲ ಅವರಿಗೇ ಕೊಡಬೇಕು, ಬೇರೆ ಯಾರಿಗೂ ಮಾರಕೂಡದು. ಮಣಿಯ ಲೆಕ್ಕದಲ್ಲಿ ಕೂಲಿ. ಇನ್ನೊಂದು ಮಾತನ್ನೂ ಹೇಳಿದ್ದಾರಂತೆ: ಎಲ್ಲರೂ ಎಲ್ಲ ನಮೂನೆಯನ್ನೂ ಕಲಿಯಬೇಕಾದ್ದಿಲ್ಲ, ಒಬ್ಬೊಬ್ಬರು ಒಂದೊಂದೇ ನಮೂನೆ ಮಾಡಿದರೆ ಕೆಲಸ ಬೇಗ ಸಾಗುತ್ತದೆ ಎಂದು. ಒಪ್ಪಬೇಕೆ, ಬಿಡಬೇಕೆ? ಇದೇ ಅಲ್ಲವೆ ಪ್ರಶ್ನೆ?

ಉತ್ತರಕ್ಕೆ ಮೊದಲು ಒಂದು ಚಿತ್ರವನ್ನು ನೆನಪಿಗೆ ತಂದುಕೊಳ್ಳೋಣ. ೨೦೨೧ರ ನವೆಂಬರ್ ತಿಂಗಳಲ್ಲಿ ನಮ್ಮ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಹೋಗಿ ಪದ್ಮಶ್ರೀ ಪಡೆದರು. ಅದಕ್ಕೂ ಮೊದಲು, ೨೦೧೭ರಲ್ಲಿ, ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಅದೇ ಗೌರವ ದೊರೆತಿತ್ತು. ಒಬ್ಬರು ಗಿಡ ಬೆಳೆಸಿದವರು, ಇನ್ನೊಬ್ಬರು ಹಾಡು ಉಳಿಸಿದವರು, ಸಾರಾಯಿಯ ವಿರುದ್ಧ ಬೀದಿಗಿಳಿದವರು. ತುಳಸಿ ಗೌಡರು ೨೦೨೪ರ ಡಿಸೆಂಬರಿನಲ್ಲಿ ತೀರಿಕೊಂಡರು, ಸುಕ್ರಿಯಮ್ಮ ೨೦೨೫ರ ಫೆಬ್ರುವರಿಯಲ್ಲಿ. ಇಬ್ಬರ ಚಿತ್ರವನ್ನೂ ದೇಶವೆಲ್ಲ ನೋಡಿತು. ಕೊರಳು ತುಂಬಿದ ಮಣಿಸರಗಳನ್ನು ನೋಡಿ ಪಟ್ಟಣದ ಜನ ಬೆರಗಾದರು. ಆ ಸರಗಳನ್ನು ಪೋಣಿಸಿದ್ದು ಹಾಲಕ್ಕಿ ಹೆಂಗಸರ ಕೈ. ಆದರೆ ಆ ಮಣಿಗಳನ್ನು ಮಾಡಿದವರು ಯಾರು? ಯಾವ ಊರಿನವರು? ಅವರ ಕೊರಳಲ್ಲಿ ಏನಿತ್ತು? ಈ ಪ್ರಶ್ನೆಯನ್ನು ಯಾವ ಪತ್ರಿಕೆಯೂ ಕೇಳಲಿಲ್ಲ.

ನಾವು ನಿಜವನ್ನು ಮರೆಮಾಚಬಾರದು. ನಮ್ಮ ಕಡೆಯ ಹೆಂಗಸರು ತಲೆತಲಾಂತರದಿಂದ ಮಣಿ ಪೋಣಿಸಿದವರು. ಮಣಿ ಮಾಡಿದವರಲ್ಲ. ಮಣಿ ಪೇಟೆಯಿಂದ ಬರುತ್ತಿತ್ತು, ಇಂದಿಗೂ ಪೇಟೆಯಿಂದಲೇ ಬರುತ್ತದೆ. ಕರಿಮಣಿ ಇಲ್ಲದೆ ನಮ್ಮ ನಾಡಿನಲ್ಲಿ ಮದುವೆ ಇಲ್ಲ. ಆದರೂ ಕರಿಮಣಿ ಹುಟ್ಟುವ ಕುಲುಮೆಯನ್ನು ನಮ್ಮಲ್ಲಿ ನೋಡಿದವರಿಲ್ಲ.

ಸಣ್ಣ ಮಣಿ ಹುಟ್ಟುವ ರೀತಿಯೇ ಬೇರೆ. ಆಂಧ್ರದಲ್ಲಿ ತಿರುಪತಿಗೆ ಸಮೀಪದಲ್ಲಿ ಪಾಪಾನಾಯುಡುಪೇಟ ಎಂಬ ಹಳ್ಳಿಯಿದೆ. ಅಲ್ಲಿಯವರು ಕುಲುಮೆಯಲ್ಲಿ ಕರಗಿದ ಗಾಜಿನ ಮುದ್ದೆಯೊಳಗೆ ಪೊಳ್ಳು ಕಬ್ಬಿಣದ ಕೊಳವೆಯನ್ನು ತೂರಿಸಿ, ಗಾಜನ್ನು ಉದ್ದುದ್ದ ನಳಿಗೆಗಳಾಗಿ ಎಳೆಯುತ್ತಿದ್ದರು. ನಳಿಗೆಯನ್ನು ಚೂರುಚೂರಾಗಿ ಕತ್ತರಿಸಿ, ಚೂರುಗಳನ್ನು ಬೂದಿಯೊಡನೆ ಕಾಯಿಸಿ ಅಂಚನ್ನು ನಯಮಾಡುತ್ತಿದ್ದರು. ಪುದುಚೇರಿಯ ಹತ್ತಿರದ ಅರಿಕಮೇಡುವನ್ನು ೧೯೪೫ರಲ್ಲಿ ವೀಲರ್ ಸಾಹೇಬರು ಅಗೆಸಿದರು. ಆ ಊರಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಂತಹ ಎಳೆದ ಮಣಿ ತಯಾರಾಗುತ್ತಿತ್ತು. ಈ ಬಗೆಯ ಮಣಿಗಳು ಹಡಗು ಹತ್ತಿ ಪೂರ್ವದ ದ್ವೀಪಗಳಿಗೂ ಆಫ್ರಿಕದ ಕರಾವಳಿಗೂ ಹೋಗಿವೆ. ಮಣಿ ಸಮುದ್ರ ದಾಟಿತು. ಮಣಿ ಮಾಡಿದವನ ಹೆಸರು ಕುಲುಮೆಯ ಬಾಗಿಲನ್ನೂ ದಾಟಲಿಲ್ಲ.

ನಮ್ಮ ಕನ್ನಡ ನಾಡಿನಲ್ಲಿಯೂ ಗಾಜಿನ ಕೆಲಸವಿತ್ತು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಕಡೆ ಮತ್ತೋಡು ಎಂಬ ಊರಿದೆ. ಟಿಪ್ಪೂ ಸುಲ್ತಾನನ ಪತನದ ನಂತರ, ೧೮೦೦-೧೮೦೧ರಲ್ಲಿ, ಬುಕಾನನ್ ಎಂಬ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನೂ ನಮ್ಮ ಕನ್ನಡ ಜಿಲ್ಲೆಯನ್ನೂ ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ. ಸವಳು ಮಣ್ಣಿನ ಉಪ್ಪಿಗೆ ಬಿಳಿಕಲ್ಲಿನ ಪುಡಿ ಸೇರಿಸಿ, ಕುಲುಮೆಯಲ್ಲಿ ಕರಗಿಸಿ, ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವುದನ್ನು ಆತ ವಿವರಿಸಿದ್ದಾನೆ. ಆ ಕುಲುಮೆಗಳು ಇಂದಿಲ್ಲ. ಪರದೇಶದ ಅಗ್ಗದ ಬಳೆ ನಮ್ಮ ಸಂತೆಗಳನ್ನು ತುಂಬಿದ ಕಾಲದಲ್ಲಿ ಇಂತಹ ಎಷ್ಟೋ ಕಸುಬುಗಳು ನೆಲ ಕಚ್ಚಿದವು. ವಿದ್ಯೆ ನಾಲ್ಕೈದು ಮನೆಗಳ ಒಳಗೇ ಉಳಿದಿದ್ದರೆ, ಆ ಮನೆಗಳ ಒಲೆ ಆರಿದ ದಿನವೇ ವಿದ್ಯೆಯೂ ಆರುತ್ತದೆ. ಈ ಮಾತನ್ನು ನೆನಪಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ ನೀವು ಕಲಿಯುತ್ತಿರುವುದು ದೊಡ್ಡ ಕುಲುಮೆಯ ಕೆಲಸವಲ್ಲ, ದೀಪದ ಉರಿಯಲ್ಲಿ ಒಂದೊಂದಾಗಿ ಸುತ್ತುವ ಮಣಿ. ಇಟಲಿ ದೇಶದ ವೆನಿಸ್ ನಗರದವರು ಇದನ್ನು ದೀಪದ ಮಣಿಯೆಂದೇ ಕರೆಯುತ್ತಾರೆ. ಎಣ್ಣೆಯ ದೀಪ, ಅದರ ಉರಿಗೆ ಕಾಲಿನಿಂದ ಒತ್ತುವ ತಿದಿಯ ಗಾಳಿ, ಕೈಯಲ್ಲಿ ಗಾಜಿನ ಕಡ್ಡಿ: ಹಿಂದೆ ಇಷ್ಟೇ ಇತ್ತು. ಇಂದು ಎಣ್ಣೆಯ ಬದಲು ಗ್ಯಾಸು, ತಿದಿಯ ಬದಲು ಪಂಪು ಅಥವಾ ಆಮ್ಲಜನಕದ ಸಿಲಿಂಡರು. ನಮ್ಮ ದೇಶದಲ್ಲಿ ಕಾಶಿ ಈ ಕೆಲಸಕ್ಕೆ ಹೆಸರಾದ ಊರು. ಅಲ್ಲಿಯ ಗಾಜಿನ ಮಣಿಗೆ, ನಮ್ಮ ಅಂಕೋಲೆಯ ಕರಿ ಈಶಾಡು ಮಾವಿಗೆ ೨೦೨೩ರಲ್ಲಿ ದೊರೆತಂತೆ, ಭೌಗೋಳಿಕ ಸೂಚಕದ ಮುದ್ರೆಯೂ ದೊರೆತಿದೆ.

ಇಂದು ಹೊಸದಾಗಿ ಬಂದ ಸೊಸೆಯಂದಿರೂ ಕುಳಿತಿದ್ದಾರೆ. ಅವರಿಗಾಗಿ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ಸಣ್ಣ ಉಕ್ಕಿನ ತಂತಿಯನ್ನು ಜೇಡಿಮಣ್ಣಿನ ತೆಳು ರಾಡಿಯಲ್ಲಿ ಅದ್ದಿ ಒಣಗಿಸಬೇಕು. ಈ ಲೇಪವಿಲ್ಲದಿದ್ದರೆ ಮಣಿ ತಂತಿಗೇ ಕಚ್ಚಿಕೊಂಡು ಹೊರಬಾರದು. ಗಾಜಿನ ಕಡ್ಡಿಯನ್ನು ಒಮ್ಮೆಲೇ ಉರಿಯ ನಡುವಿಗೆ ಹಿಡಿಯಬಾರದು. ಚಟ್ಟನೆ ಸಿಡಿದು ಮುಖಕ್ಕೆ ಹಾರುತ್ತದೆ. ಉರಿಯ ಅಂಚಿನಲ್ಲಿ ಅತ್ತಿತ್ತ ಆಡಿಸಿ, ಮೆಲ್ಲನೆ ಕಾಯಿಸಿ, ತುದಿ ಕೆಂಡದ ಉಂಡೆಯಾದಾಗ ಕಾದ ತಂತಿಗೆ ಮುಟ್ಟಿಸಿ ಸುತ್ತಬೇಕು. ಸುತ್ತುವಾಗಲೂ, ಸುತ್ತಿ ಮುಗಿದ ಮೇಲೂ, ತಂತಿಯನ್ನು ತಿರುಗಿಸುತ್ತಲೇ ಇರಬೇಕು. ಕರಗಿದ ಗಾಜು ಜೋನಿಬೆಲ್ಲದ ಹಾಗೆ ಕೆಳಕ್ಕೆ ಇಳಿಯುತ್ತದೆ. ತಿರುಗುತ್ತಿದ್ದರೆ ತಾನೇ ಗುಂಡಗಾಗುತ್ತದೆ, ಕೈ ನಿಂತರೆ ಜೋತುಬೀಳುತ್ತದೆ. ಬಳಿಕ ಬೇರೆ ಬಣ್ಣದ ಸಣ್ಣ ಕಡ್ಡಿಯಿಂದ ಚುಕ್ಕಿ, ಗೆರೆ, ಹೂವು. ಕಡೆಗೆ ಮಣಿಯನ್ನು ಹದವಾಗಿ ತಣಿಸಬೇಕು. ಈ ಕಡೆಯ ಮಾತಿನಲ್ಲೇ ನನ್ನ ಕಥೆಯೊಂದಿದೆ.

ನಾನೂ ಹಿಂದೊಮ್ಮೆ ಈ ಕೆಲಸ ಕಲಿಯಲು ಹೋಗಿದ್ದೆ. ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಹೊಸದು. ಎಲ್ಲಿ, ಯಾರು ನಡೆಸಿದ ತರಬೇತಿ ಎಂಬುದು ಬೇಡ. ಅಂತಹವು ಅನೇಕ ಇವೆ. ಹತ್ತು ದಿನ ಕಲಿಸಿದರು. ದಿನವೂ ಚಹಾ ಕೊಟ್ಟರು. ಕೊನೆಯ ದಿನ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಪ್ರಮಾಣಪತ್ರ ಕೊಟ್ಟರು. ಮಣಿಗಳು ಎಷ್ಟು ಚೆನ್ನಾಗಿದ್ದವು ಅನ್ನುತ್ತೀರಿ! ನಾನು ಹನ್ನೊಂದು ಮಣಿಗಳನ್ನು ಕರವಸ್ತ್ರದಲ್ಲಿ ಕಟ್ಟಿ ಮನೆಗೆ ತಂದೆ. ಬೆಳಿಗ್ಗೆ ಬಿಚ್ಚಿ ನೋಡಿದರೆ ನಾಲ್ಕು ಒಡೆದಿದ್ದವು. ವಾರದೊಳಗೆ ಇನ್ನೂ ಮೂರು. ಯಾರೂ ಮುಟ್ಟಿರಲಿಲ್ಲ, ಬಿದ್ದೂ ಇರಲಿಲ್ಲ. ಕಲಿಸಿದವರಲ್ಲಿಗೆ ಹೋಗಿ ಕೇಳಿದೆ. “ನಿಮ್ಮ ಕೈ ಇನ್ನೂ ಪಳಗಿಲ್ಲ” ಎಂದರು. ನಾನೂ ಹಾಗೆಯೇ ನಂಬಿದೆ. ಬಡವರ ಮನೆಯ ಹೆಂಗಸಿಗೆ ತಪ್ಪು ತನ್ನದೇ ಎಂದು ನಂಬುವುದು ಬಹಳ ಸುಲಭ, ಅಲ್ಲವೆ?

ಒಂದು ದಿನ ಇದೇ ಕೇರಿಯ ಒಬ್ಬ ಅಜ್ಜಿಯ ಮುಂದೆ ಆ ಒಡೆದ ಮಣಿಗಳನ್ನಿಟ್ಟು ಕಥೆ ಹೇಳಿದೆ. ಅಜ್ಜಿ ಶಾಲೆ ಕಂಡವರಲ್ಲ. ಚೂರನ್ನು ಬೆರಳಲ್ಲಿ ಹೊರಳಿಸಿ ನೋಡಿ, “ಇದನ್ನ ಬಿಸಿಯಿಂದ ತೆಗ್ದು ಎಲ್ಲಿ ಇಟ್ರಿ ಅಕ್ಕೋರೇ?” ಎಂದು ಕೇಳಿದರು. ಮೇಜಿನ ಮೇಲೆ ಎಂದೆ. “ಒಲೆ ಮೇಲಿಂದ ಇಳ್ಸಿದ ಮಣ್ಣಿನ ಗಡಿಗೆನ ಹಸಿ ನೆಲದ ಮೇಲೆ ಇಟ್ರೆ ಒಡೀದೆ ಏನಾಗ್ತದೆ? ಬೂದಿಯಲ್ಲಿ ಹುಗೀಬೇಕಿತ್ತು” ಎಂದರು. ಮುಂದಿನ ಸಲ ನಾನು ಹಾಗೆಯೇ ಮಾಡಿದೆ. ಬಿಸಿ ಬೂದಿಯಲ್ಲಿ ಹುಗಿದು, ಮರುದಿನ ತೆಗೆದೆ. ಸಣ್ಣ ಮಣಿಗಳು ಹೆಚ್ಚಿನವು ಉಳಿದವು.

ಆಮೇಲೆ ಪುಸ್ತಕ ಹುಡುಕಿ ಓದಿದಾಗ ತಿಳಿಯಿತು, ಅಜ್ಜಿ ಹೇಳಿದ್ದೇ ಶಾಸ್ತ್ರ. ಬಿಸಿ ಗಾಜಿನ ಹೊರಮೈ ಬೇಗ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಬಿಸಿಯಿರುತ್ತದೆ. ಒಳಗಿನದು ತಣಿದು ಕುಗ್ಗಲು ಹೊರಟಾಗ ಹೊರಗಿನದು ಬಿಡುವುದಿಲ್ಲ. ಈ ಜಗ್ಗಾಟ ಮಣಿಯೊಳಗೆ ಅಡಗಿ ಕುಳಿತು, ಒಂದು ಗಳಿಗೆಯಲ್ಲೋ ಒಂದು ತಿಂಗಳಲ್ಲೋ ಅದನ್ನು ಒಡೆಯುತ್ತದೆ. ನಾವು ಬಳಸುವ ಮೆತು ಗಾಜಿಗಾದರೆ, ಸುಮಾರು ೫೦೦ ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿ, ಅಲ್ಲಿಂದ ಮೆಲ್ಲಮೆಲ್ಲನೆ ಇಳಿಸಬೇಕು. ಸಣ್ಣ ಮಣಿಗೆ ಬೂದಿ ಸಾಕಾದೀತು. ದೊಡ್ಡದಕ್ಕೂ ಮಾರಾಟದ ಮಾಲಿಗೂ ವಿದ್ಯುತ್ತಿನ ಪುಟ್ಟ ಗೂಡು ಬೇಕೇಬೇಕು. ಅಂದರೆ ನನ್ನ ಕೈ ಕೆಟ್ಟಿರಲಿಲ್ಲ. ನನಗೆ ಮುಕ್ಕಾಲು ವಿದ್ಯೆಯನ್ನು ಕಲಿಸಿ, ಉಳಿದ ಕಾಲು ಭಾಗವನ್ನು ಕಲಿಸದೆ ಬಿಟ್ಟಿದ್ದರು.

ಆ ಕಾಲು ಭಾಗದಲ್ಲಿಯೇ ಎಲ್ಲವೂ ಇದೆ. ಎರಡು ಬಣ್ಣದ ಗಾಜು ತಣಿಯುವಾಗ ಒಂದೇ ಸಮನಾಗಿ ಕುಗ್ಗದಿದ್ದರೆ ಮಣಿ ಒಡೆಯುತ್ತದೆ. ಆದುದರಿಂದ ಯಾವ ಕಡ್ಡಿ ಯಾವುದರೊಡನೆ ಹೊಂದುತ್ತದೆ ಎಂಬುದು ಗೊತ್ತಿರಬೇಕು. ಖಾಲಿ ಬಾಟಲಿಯ ಗಾಜಿನಿಂದಲೂ ಮಣಿ ಮಾಡಬಹುದು. ಆದರೆ ಅದು ಹೆಚ್ಚು ಉರಿ ಬೇಡುತ್ತದೆ, ಬೇಗ ಗಟ್ಟಿಯಾಗುತ್ತದೆ, ಅಂಗಡಿಯ ಕಡ್ಡಿಯೊಡನೆ ಕೂಡುವುದಿಲ್ಲ; ಒಂದು ಬಾಟಲಿಯ ಗಾಜನ್ನು ಅದೇ ಬಾಟಲಿಯ ಗಾಜಿನೊಡನೆಯೇ ಬಳಸಬೇಕು. ಗಡಿಯಾಚೆಯಿಂದ ಬಂದ ಬಾಟಲಿಗಳು ನಮ್ಮ ಕಡಲದಂಡೆಯಲ್ಲಿ ಎಷ್ಟು ಬಿದ್ದಿವೆಯೆಂದು ನಿಮಗೇ ಗೊತ್ತು. ಸುಕ್ರಿಯಮ್ಮ ಯಾವುದರ ವಿರುದ್ಧ ಹೋರಾಡಿದರೋ ಅದರ ಚಿಪ್ಪನ್ನು ಕರಗಿಸಿ ಕೊರಳಿಗೆ ಹಾಕಿಕೊಂಡರೆ ತಪ್ಪಿಲ್ಲ. ಆದರೆ ಮಣಿಗೆ ಗಾಜು ಬೇಕೆಂದು ಹೇಳಿ ಯಾರೂ ಗಂಡನಿಗೆ ಕುಡಿಯಲು ಬಿಡಬೇಡಿ.

ಬಣ್ಣದ ವಿದ್ಯೆಯೂ ಹಾಗೆಯೇ. ನೀಲಿಗೆ ಕೋಬಾಲ್ಟ್, ನೇರಳೆಗೆ ಮ್ಯಾಂಗನೀಸ್. ತಾಮ್ರವೊಂದೇ, ಉರಿಯ ಗಾಳಿ ಹೆಚ್ಚು ಕಡಿಮೆಯಾದಂತೆ, ಒಮ್ಮೆ ಹಸಿರುನೀಲಿ ಕೊಡುತ್ತದೆ, ಒಮ್ಮೆ ಕೆಂಪು ಕೊಡುತ್ತದೆ. ಕರಿ ಗಾಜನ್ನು ಕಾಯಿಸಿ ಕೂದಲೆಳೆಯಷ್ಟು ತೆಳ್ಳಗೆ ಎಳೆದು ಬೆಳಕಿಗೆ ಹಿಡಿದು ನೋಡಿ. ಅನೇಕ ವೇಳೆ ಅದು ಕರಿದೇ ಅಲ್ಲ. ದಟ್ಟ ನೇರಳೆ, ಇಲ್ಲವೆ ದಟ್ಟ ಹಸಿರು. ನಾವು ಹುಟ್ಟಿದಾರಭ್ಯ ಕಂಡ ಕರಿಮಣಿಯೊಳಗೆ ಬಣ್ಣ ಅಡಗಿರುತ್ತದೆಂದು ನನಗೆ ಮೂವತ್ತು ದಾಟುವ ತನಕ ತಿಳಿದಿರಲಿಲ್ಲ.

ಇನ್ನು ಮೈ ಕಾಪಾಡಿಕೊಳ್ಳುವ ವಿದ್ಯೆ. ಉರಿಯಲ್ಲಿ ಗಾಜು ಹಳದಿ ಬೆಳಕು ಬೀರುತ್ತದೆ. ಆ ಬೆಳಕಿನಲ್ಲಿ ಕೆಲಸ ಕಾಣುವುದಿಲ್ಲ, ಕಣ್ಣು ದಣಿಯುತ್ತದೆ. ಅದಕ್ಕೆ ಡಿಡೀಮಿಯಂ ಎಂಬ ಬೇರೆ ಕನ್ನಡಕವೇ ಇದೆ. ಕೆಲವು ಬಣ್ಣದ ಗಾಜುಗಳಲ್ಲಿ ಸೀಸವಿರುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಈ ಕೆಲಸ ಮಾಡಬಾರದು. ಮಣಿಯ ತೂತಿನಲ್ಲಿ ಉಳಿದ ಮಣ್ಣನ್ನು ನೀರಿನಲ್ಲಿ ಅದ್ದಿಯೇ ಉಜ್ಜಿ ತೆಗೆಯಬೇಕು. ಒಣಗಿದ್ದನ್ನು ಕೆರೆದರೆ ಧೂಳು ಎದೆಗೆ ಹೋಗುತ್ತದೆ. ಗ್ಯಾಸಿನ ಕೊಳವೆಯನ್ನು ದಿನವೂ ಸಾಬೂನು ನೀರು ಹಚ್ಚಿ ನೋಡಬೇಕು. ನಿಮ್ಮಲ್ಲಿಗೆ ಬಂದ ವ್ಯಾಪಾರಿ ಈ ಕನ್ನಡಕದ ಮಾತನ್ನು ಆಡಿದರೆ? ಇಲ್ಲ ಎನ್ನುತ್ತೀರಿ. ದೀಪ ಪುಕ್ಕಟೆ ಕೊಡುವವರು ಕಣ್ಣಿನ ಮಾತನ್ನು ಆಡಲಿಲ್ಲ.

ನಾನು ಆ ಮನುಷ್ಯನನ್ನು ಬೈಯುತ್ತಿಲ್ಲ. ಅವರಿಗೆ ಪೇಟೆ ಗೊತ್ತು, ಬಂಡವಾಳ ಇದೆ, ಮಾಲು ಹೋಗದಿದ್ದರೆ ನಷ್ಟವೂ ಅವರದೇ. ಅವರು ವ್ಯಾಪಾರದ ಧರ್ಮ ನೋಡಿಕೊಳ್ಳುತ್ತಾರೆ. ನಾವು ನಮ್ಮದನ್ನು ನೋಡಿಕೊಳ್ಳಬೇಕು. ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ದಿನಕ್ಕೆ ೪೦ ಮಣಿ ಮಾಡಿದಿರಿ. ೬ ಒಡೆದವು, ೩೪ ಉಳಿದವು. ಆರಿಸುವಾಗ ೧೦ ಮಣಿಗಳನ್ನು ಓರೆ ಎಂದು ಬದಿಗಿಟ್ಟರು. ಉಳಿದ ೨೪ಕ್ಕೆ ಮಣಿಗೆ ೩ ರೂಪಾಯಿಯಂತೆ ೭೨ ರೂಪಾಯಿ. ಒಡೆದ ಮಣಿಯ ಗಾಜಿನ ಬೆಲೆ ಕಳೆದರು. ಗದ್ದೆ ನಾಟಿಯ ಕೂಲಿಯ ಹತ್ತಿರವಾದರೂ ಇದು ಬಂತೆ? ಓರೆ ಎಂದು ಬದಿಗಿಟ್ಟ ಮಣಿಗಳು ಎಲ್ಲಿಗೆ ಹೋದವು? ಓರೆ ಯಾವುದು, ನೇರ ಯಾವುದು ಎಂದು ತೀರ್ಮಾನಿಸಿದವರು ಯಾರು? ಕೂಲಿ ಎಷ್ಟು ಎಂಬುದಕ್ಕಿಂತ ಈ ಮೂರನೆಯ ಪ್ರಶ್ನೆಯೇ ದೊಡ್ಡದು.

ಇನ್ನು “ಒಬ್ಬೊಬ್ಬರಿಗೆ ಒಂದೊಂದೇ ನಮೂನೆ” ಎಂಬ ಮಾತು. ಚುಕ್ಕಿ ಇಡುವವಳು ವರ್ಷವೆಲ್ಲ ಚುಕ್ಕಿಯನ್ನೇ ಇಟ್ಟರೆ ಅವಳ ಕೈ ಚುರುಕಾಗುತ್ತದೆ, ನಿಜ. ಆದರೆ ವ್ಯಾಪಾರಿ ಬರುವುದನ್ನು ನಿಲ್ಲಿಸಿದ ದಿನ ಅವಳ ಕೈಯಲ್ಲಿ ಏನು ಉಳಿಯಿತು? ಬರಿಯ ಚುಕ್ಕಿ! ಮಣಿಯಿಲ್ಲದ ಚುಕ್ಕಿಯನ್ನು ಯಾರು ಕೊಳ್ಳುತ್ತಾರೆ?

ಚರಿತ್ರೆ ಇದನ್ನು ಎರಡು ರೀತಿಯಲ್ಲಿ ತೋರಿಸಿಕೊಟ್ಟಿದೆ. ವೆನಿಸ್ ನಗರದ ಆಳರಸರು ೧೨೯೧ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೋ ಎಂಬ ದ್ವೀಪಕ್ಕೆ ಕಳಿಸಿದರು. ಊರಿಗೆ ಬೆಂಕಿ ಬೀಳಬಾರದೆಂಬುದು ಒಂದು ಕಾರಣ. ವಿದ್ಯೆ ಹೊರಗೆ ಹೋಗಬಾರದೆಂಬ ಕಾವಲೂ ಕ್ರಮೇಣ ಬಿಗಿಯಾಯಿತು. ಕುಶಲ ಕೆಲಸಗಾರನಿಗೆ ಗೌರವವೂ ಸಿಕ್ಕಿತು, ಊರು ಬಿಡಬಾರದೆಂಬ ಕಟ್ಟೂ ಬಿತ್ತು. ವಿದ್ಯೆ ಕೆಲಸಗಾರನ ಕೈಯಲ್ಲಿ, ಅದರ ಬೀಗದ ಕೈ ಬೇರೆಯವರ ಸೊಂಟದಲ್ಲಿ. ಇಂದು ಅದೇ ಮಣಿಯ ಕಲೆಯನ್ನು ಇಟಲಿ, ಫ್ರಾನ್ಸ್ ದೇಶಗಳ ಹೆಸರಿನಲ್ಲಿ ಯುನೆಸ್ಕೋ ಸಂಸ್ಥೆಯು ೨೦೨೦ರಲ್ಲಿ ಮಾನವಕುಲದ ಪರಂಪರೆಯೆಂದು ದಾಖಲಿಸಿದೆ. ಸಂತೋಷವೇ.

ಇನ್ನೊಂದು ಕಥೆ ಬೊಹೀಮಿಯದ್ದು. ಈಗಿನ ಚೆಕ್ ದೇಶದ ಯಾಬ್ಲೊನೆಟ್ಸ್ ಎಂಬ ಪಟ್ಟಣ ಗಾಜಿನ ಮಣಿಗೆ ಲೋಕಪ್ರಸಿದ್ಧ. ಅಲ್ಲಿಯ ಮಣಿ ನಮ್ಮ ದೇಶಕ್ಕೂ ಬರುತ್ತಿತ್ತು. ಅಲ್ಲಿಯ ಕೆಲಸಗಾರರಲ್ಲಿ ಬಹುಮಂದಿ ಜರ್ಮನ್ ಮಾತಿನವರು. ಹಿಟ್ಲರನ ಯುದ್ಧ ಮುಗಿದ ಮೇಲೆ, ೧೯೪೫-೪೬ರಲ್ಲಿ, ಅವರನ್ನು ದೇಶದಿಂದ ಹೊರಹಾಕಿದರು. ಮನೆ ಹೋಯಿತು, ಕುಲುಮೆ ಹೋಯಿತು, ಹತಾರ ಹೋಯಿತು. ಅವರಲ್ಲಿ ಅನೇಕರು ಬವೇರಿಯದ ಕೌಫ್‌ಬೊಯರೆನ್ ಎಂಬ ಊರಿನ ಹೊರವಲಯದಲ್ಲಿ, ಪಾಳುಬಿದ್ದ ಮದ್ದುಗುಂಡಿನ ಕಾರ್ಖಾನೆಯ ಜಾಗದಲ್ಲಿ ನೆಲೆ ನಿಂತರು. ಅಲ್ಲಿಯೇ ಮತ್ತೆ ಗಾಜು ಮಣಿಯ ಕಸುಬು ಎಬ್ಬಿಸಿದರು. ಊರಿಗೂ ತಮ್ಮ ಹಳೆಯ ಊರಿನ ಹೆಸರನ್ನೇ ಇಟ್ಟರು. ಹೇಗೆ ಸಾಧ್ಯವಾಯಿತು? ಎಲ್ಲವನ್ನೂ ಕಸಿದುಕೊಂಡರೂ ಕೈಯೊಳಗಿನ ವಿದ್ಯೆಯನ್ನು ಗಡಿಯ ಕಾವಲುಗಾರ ಕಸಿದುಕೊಳ್ಳಲಾರ. ಸೀ ಬರ್ಡ್ ನೌಕಾನೆಲೆಗಾಗಿ ಮನೆ ಗದ್ದೆ ಬಿಟ್ಟು ಎದ್ದ ಕುಟುಂಬಗಳು ನಮ್ಮ ಕಾರವಾರ, ಅಂಕೋಲೆಯಲ್ಲಿಯೂ ಇವೆ. ನೆಲವನ್ನು ಬಿಟ್ಟು ಹೋಗುವಾಗ ಕೈಯಲ್ಲಿ ಏನು ಉಳಿಯಿತು ಎಂಬ ಪ್ರಶ್ನೆಯ ಭಾರ ಅವರಿಗೆ ಗೊತ್ತು.

ಹೀಗಾಗಿ ನನ್ನ ಮೊದಲ ಮಾತು ಇದು: ಪೂರ್ತಿ ವಿದ್ಯೆ ಕಲಿಯಿರಿ. ಕಡ್ಡಿ ಆರಿಸುವುದರಿಂದ ಹಿಡಿದು ಗೂಡಿನಲ್ಲಿ ತಣಿಸುವ ತನಕ, ಬೆಲೆ ಕಟ್ಟುವ ತನಕ. ಕಲಿತವಳು ಇನ್ನಿಬ್ಬರಿಗೆ ಕಲಿಸಿದ ಮೇಲೆಯೇ ತಾನು ಕಲಿತೆನೆಂದು ಹೇಳಿಕೊಳ್ಳಲಿ. ಮತ್ತೋಡಿನ ಮಾತು ನೆನಪಿದೆಯಲ್ಲ!

ಎರಡನೆಯದು, ಹತಾರದ ಮಾತು. ಇದು ನಮ್ಮ ಪಕ್ಷದ ಹಳೆಯ ಮಾತೇ. ೧೯೩೦ರ ಏಪ್ರಿಲ್‌ನಲ್ಲಿ ಈ ಅಂಕೋಲೆಯ ಕಡಲದಂಡೆಯಲ್ಲಿ ನಮ್ಮ ಹಿರಿಯರು ಉಪ್ಪಿನ ಕಾಯಿದೆ ಮುರಿದರು. ಸಮುದ್ರ ನಮ್ಮದು, ದುಡಿಮೆ ನಮ್ಮದು, ಉಪ್ಪು ಮಾತ್ರ ಸರಕಾರದ್ದು ಹೇಗೆ ಎಂಬುದೇ ಅಂದಿನ ಪ್ರಶ್ನೆ. ದಿನಕರ ದೇಸಾಯಿಯವರು ಈ ಜಿಲ್ಲೆಯ ಗೇಣಿದಾರರನ್ನು ಕೂಡಿಸಿದ್ದಕ್ಕಾಗಿ ಗಡಿಪಾರಾದರು. ಮುಂದೆ ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಅದೇ ಬಡವರ ಮಕ್ಕಳಿಗೆ ಶಾಲೆ ತೆರೆದರು. ೧೯೫೧ರಲ್ಲಿ ಘಟ್ಟದ ಮೇಲೆ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಸಮಾಜವಾದಿಗಳು ಅವರೊಡನೆ ನಿಂತರು, ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ೧೯೭೪ರ ತಿದ್ದುಪಡಿಯ ನಂತರ ಉಳುವವನಿಗೆ ನೆಲ ಬಂತು. ನಿಮ್ಮಲ್ಲಿ ಎಷ್ಟೋ ಮನೆಗಳ ಗದ್ದೆಯ ಕಾಗದ ಆ ಹೋರಾಟದಿಂದಲೇ ಬಂದದ್ದು. ಗದ್ದೆಯಲ್ಲಿ ಗೇಣಿ ಬೇಡವೆಂದು ಹೋರಾಡಿದ ಮನೆಯ ಸೊಸೆ ಇಂದು ದೀಪದ ಮುಂದೆ ಗೇಣಿಗೆ ಕುಳಿತುಕೊಳ್ಳಬೇಕೆ?

ಲೋಹಿಯಾ ಅವರು ಸಣ್ಣ ಯಂತ್ರದ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಹಳ್ಳಿಯಲ್ಲಿ ಇಡಬಹುದಾದ, ದುಡಿಯುವವರ ಹಿಡಿತದಲ್ಲಿ ಇರಬಹುದಾದ ಯಂತ್ರ. ಈ ದೀಪ ಅಂತಹ ಯಂತ್ರ. ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೩೬ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಮೀರತ್ ಅಧಿವೇಶನದ ಅಧ್ಯಕ್ಷತೆ ವಹಿಸಿದವರು. ಸ್ವಾತಂತ್ರ್ಯ ಬಂದ ಮೇಲೆ ಅವರು ತಮ್ಮ ಜೀವಮಾನವನ್ನು ಕರಕುಶಲಿಗಳಿಗಾಗಿ ಸವೆಸಿದರು, ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದರು. ಸಮಾಜವಾದಕ್ಕೂ ಮಣಿಗೂ ಏನು ಸಂಬಂಧ ಎಂದು ಕೇಳುವ ನಮ್ಮ ಪಕ್ಷದ ಗಂಡಸರಿಗೆ ನಾನು ಕಮಲಾದೇವಿಯವರ ಹೆಸರನ್ನು ಹೇಳುತ್ತೇನೆ.

ಹಾಗಾದರೆ ದೀಪಕ್ಕೆ ದುಡ್ಡು ಎಲ್ಲಿಂದ? ಸಹಕಾರದಿಂದ. ಗದಗದ ಹತ್ತಿರದ ಕಣಗಿನಹಾಳದಲ್ಲಿ ೧೯೦೫ರಲ್ಲಿಯೇ ಹಳ್ಳಿಯ ರೈತರು ಸಹಕಾರ ಸಂಘ ಕಟ್ಟಿ ತೋರಿಸಿದ್ದಾರೆ. ಒಬ್ಬಳಿಗೆ ಒಂದು ದೀಪ ಬೇಕಾಗಿಲ್ಲ. ಮೂವರಿಗೆ ಒಂದು ದೀಪ, ಎಲ್ಲರಿಗೂ ಸೇರಿ ಒಂದು ಗೂಡು, ಗಾಳಿಯಾಡುವ ಒಂದು ಮಾಡು. ಕಡ್ಡಿಯನ್ನು ಸಂಘವೇ ಒಟ್ಟಿಗೆ ತರಿಸಲಿ. ಲೆಕ್ಕದ ಪುಸ್ತಕ ಗೂಡಿನ ಪಕ್ಕದಲ್ಲಿ ತೆರೆದೇ ಇರಲಿ. ಓದು ಬಾರದವರಿಗೆ ವಾರಕ್ಕೊಮ್ಮೆ ಓದಿ ಹೇಳಲಿ.

ಸಂಘ ಕಟ್ಟಿದ ಕೂಡಲೇ ಸ್ವರ್ಗ ಬರುತ್ತದೆಂದು ನಾನು ಹೇಳಲಾರೆ. ಸಾಗರದ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಎಂಬ ಹೆಂಗಸರ ನೇಯ್ಗೆಯ ಸಹಕಾರ ಸಂಘವಿದೆ. ನಾಟಕಕಾರ ಪ್ರಸನ್ನ ಅವರ ಜೊತೆಗಾರಿಕೆಯಲ್ಲಿ ಅದು ಬೆಳೆದು ನಾಡಿಗೆಲ್ಲ ಹೆಸರಾಯಿತು. ಅಂತಹ ಸಂಘವೂ ೨೦೨೦ರಲ್ಲಿ, ಸಾಂಕ್ರಾಮಿಕದಿಂದ ಮಾರಾಟ ನಿಂತುಹೋದಾಗ, ದೊಡ್ಡ ಸಂಕಷ್ಟಕ್ಕೆ ಸಿಲುಕಿತು. ಕೈಕೆಲಸದ ಮಾಲಿಗೆ ಕೊಳ್ಳುವವರು ಬೇಕು. ಕೊಳ್ಳುವವರು ಒಬ್ಬರೇ ಆದರೆ ಅಪಾಯ, ಒಂದೇ ಊರಿನವರಾದರೆ ಅಪಾಯ, ಒಂದೇ ಋತುವಿನವರಾದರೂ ಅಪಾಯ. ಗೋಕರ್ಣಕ್ಕೆ ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ. ಅಷ್ಟು ತಿಂಗಳ ಖರ್ಚನ್ನು ಬೇಸಿಗೆಯಲ್ಲೇ ತೆಗೆದಿಡಬೇಕು. ದಿನಬಳಕೆಯ ಕರಿಮಣಿಯಲ್ಲಿ ಕಾರ್ಖಾನೆಯ ಮಾಲಿನೊಡನೆ ನೀವು ಬೆಲೆಯಲ್ಲಿ ಸ್ಪರ್ಧಿಸಲಾರಿರಿ, ಸ್ಪರ್ಧಿಸಲೂಬೇಡಿ. ನಿಮ್ಮ ದೀಪದ ಮಣಿ ಸರದ ನಡುವಿನ ಪದಕವಾಗಲಿ, ಕಿವಿಯ ಓಲೆಯಾಗಲಿ. ಪೋಣಿಸುವ ಕೈಚಳಕ ನಿಮಗೆ ಹುಟ್ಟಿನಿಂದ ಬಂದದ್ದು. ಮಾಡುವ ವಿದ್ಯೆಯೂ ಸೇರಿದರೆ ಸರ ಪೂರ್ತಿ ನಿಮ್ಮದು.

ಮತ್ತೊಂದು ಎಚ್ಚರಿಕೆ. ಮಾರುವಾಗ ಸುಳ್ಳು ಹೇಳಬೇಡಿ. ದೀಪದ ಮಣಿ ಹಾಲಕ್ಕಿಗಳ ಪುರಾತನ ಕಲೆಯೆಂದು ಚೀಟಿ ಬರೆಯಬೇಡಿ. “ಅಂಕೋಲೆಯ ಹೆಂಗಸರು ಹೊಸದಾಗಿ ಕಲಿತು ಮಾಡಿದ್ದು” ಎಂದು ಬರೆಯಿರಿ. ಅದರಲ್ಲಿ ನಾಚಿಕೆ ಏನಿದೆ? ಹಳೆಯದನ್ನು ಉಳಿಸಿಕೊಂಡದ್ದಕ್ಕೆ ನಮ್ಮನ್ನು ಹೊಗಳುವವರು ಬಹಳ. ನಾವು ಹೊಸದನ್ನು ಕಲಿಯಬಲ್ಲೆವು ಎಂಬುದನ್ನು ಅವರು ಇನ್ನು ಮುಂದಾದರೂ ನೋಡಲಿ.

ಈಗ ಪ್ರಶ್ನೆಗೆ ಉತ್ತರ. ವ್ಯಾಪಾರಿಗೆ ಬಾಗಿಲು ಮುಚ್ಚಬೇಡಿ. ಅವರು ಬರಲಿ, ಮಣಿ ಕೊಳ್ಳಲಿ. ಅವರಿಗೆ ನಾಲ್ಕು ಮಾತು ಹೇಳಿ. ದೀಪ ನಮ್ಮದು. ಓರೆ ನೇರ ನೋಡುವಾಗ ನಿಮ್ಮವರೊಬ್ಬರು, ನಮ್ಮವರೊಬ್ಬರು ಕೂಡಿಯೇ ಕುಳಿತುಕೊಳ್ಳಬೇಕು. ಬೇಡವೆಂದ ಮಣಿ ನಮ್ಮಲ್ಲೇ ಉಳಿಯಬೇಕು. ಬೇರೆಯವರಿಗೆ ಮಾರುವ ಹಕ್ಕನ್ನು ನಾವು ಬಿಡುವುದಿಲ್ಲ. ಇಷ್ಟಕ್ಕೆ ಒಪ್ಪಿದರೆ ಅವರು ನಮ್ಮ ಗಿರಾಕಿ. ಒಪ್ಪದಿದ್ದರೆ, ಅವರಿಗೆ ಬೇಕಾದದ್ದು ಮಣಿಯಲ್ಲ, ಮಣಿ ಮಾಡುವವರು ಎಂದು ತಿಳಿಯಿರಿ.

ಇದರಿಂದ ಮೊದಲ ಆರು ತಿಂಗಳು ಕಷ್ಟವಾಗುತ್ತದೆ. ಕೈಗೆ ಕಾಸು ನಿಧಾನವಾಗಿ ಬರುತ್ತದೆ. ಮನೆಯಲ್ಲಿ ಮಕ್ಕಳ ಫೀಸು, ಮುದುಕರ ಔಷಧಿ ಕಾಯುವುದಿಲ್ಲ. ಅದು ನನಗೆ ಗೊತ್ತು. ಯಾರಾದರೂ ತಂಗಿ ಇಂದೇ ವ್ಯಾಪಾರಿಯ ಕೂಲಿಗೆ ಹೋದರೆ ಅವಳನ್ನು ಹೀಯಾಳಿಸಬೇಡಿ, ಸಂಘದಿಂದ ದೂರ ಮಾಡಬೇಡಿ. ಅವಳ ಪಾಲಿನ ಜಾಗವನ್ನು ದೀಪದ ಮುಂದೆ ಖಾಲಿಯಿಟ್ಟಿರಿ.

ಬರುವ ಭಾನುವಾರ ಮತ್ತೆ ಸೇರೋಣ. ಒಬ್ಬೊಬ್ಬರು ಎಷ್ಟು ಹಾಕಬಲ್ಲಿರಿ ಎಂಬುದನ್ನು ಮನೆಯಲ್ಲಿ ಮಾತಾಡಿಕೊಂಡು ಬನ್ನಿ. ನೂರು ರೂಪಾಯಿಯಾದರೂ ಸರಿ. ಮನೆಯಲ್ಲಿ ಬೂದಿ ಇದ್ದವರು ಜರಡಿ ಹಿಡಿದು ಒಂದು ಡಬ್ಬಿ ತನ್ನಿ. ಗೂಡು ಬರುವ ತನಕ ಅಜ್ಜಿಯ ಶಾಸ್ತ್ರವೇ ನಮಗೆ ಗತಿ. ತೀರ್ಮಾನ ನಿಮ್ಮದು. ನೀವು ಏನು ತೀರ್ಮಾನಿಸಿದರೂ ನಾನು ಬರುತ್ತೇನೆ, ನನಗಿನ್ನೂ ಹೂವಿನ ನಮೂನೆ ಸರಿಯಾಗಿ ಬಂದಿಲ್ಲ.